ಲೈಸೆನ್ಸ್ ಇದ್ದರೂ ಮುಚ್ಚಿಕೊಂಡೇ ಓಡಾಡಬೇಕು

ನಮ್ಮ ಸೋದರಮಾವ ಚನ್ನಗಿರಿ ಕಡೆ ಅಡಿಕೆ ಖೇಣಿ ಮಾಡುವವರು, ಅಂದರೆ ಮರದಲ್ಲಿರುವ ಫಸಲನ್ನೇ ಗುತ್ತಿಗೆ ಹಿಡಿಯುವವರು. ಕೊಯ್ಲಿನ ಕಾಲಕ್ಕೆ ಜೇಬಲ್ಲಿ, ಚೀಲದಲ್ಲಿ ದುಡ್ಡು ಇಟ್ಟುಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಊರೂರು ತಿರುಗುತ್ತಾರೆ. ಒಮ್ಮೆ ತೋಟದ ದಾರಿಯಲ್ಲಿ ಬೈಕ್ ಅಡ್ಡಗಟ್ಟಿ ಹಣ ಕಿತ್ತುಕೊಂಡು ಹೋದರು. ಅದಾದ ಮೇಲೆಯೇ ಅರ್ಜಿ ಹಾಕಿ, ಪೊಲೀಸ್ ವಿಚಾರಣೆಯೆಲ್ಲ ಮುಗಿದು, .32 ರಿವಾಲ್ವರಿಗೆ ಲೈಸೆನ್ಸ್ ಪಡೆದದ್ದು. ಗನ್ ಇಟ್ಟುಕೊಂಡವರೆಲ್ಲ ಶೋಕಿಗೆ ಇಟ್ಟುಕೊಳ್ಳುತ್ತಾರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಾವನ ಭಯವನ್ನು ಕಣ್ಣಾರೆ ಕಂಡವಳು ನಾನು.

ಮಗಳ ಮದುವೆಯ ಸೀರೆ ತೆಗೆಯಲು ಅವರೂ ಅತ್ತೆಯೂ ದಾವಣಗೆರೆಗೆ ಬಂದಿದ್ದರು. ನಾನು ವಕೀಲೆ, ಕೋರ್ಟಿಗೆ ರಜೆ ಇದ್ದದ್ದರಿಂದ ಜೊತೆಯಾದೆ. ಅಂಗಡಿಗೆ ಹೋಗುವ ಮೊದಲು ಬೆಣ್ಣೆ ದೋಸೆ ತಿನ್ನೋಣ ಅಂದರು ಅತ್ತೆ. ಮಾವ ಬಿಳಿ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ ಬೆಲ್ಟ್ ಬಿಗಿದಿದ್ದರು. ಬೆಲ್ಟಿಗೆ ಕಂದು ಬಣ್ಣದ ಚರ್ಮದ ಹೋಲ್‌ಸ್ಟರ್, ಅದರ ಬಾಯಿಂದ ಹೊರಗೆ ಕಾಣುವ ಹಿಡಿ.

ಪಕ್ಕದ ಟೇಬಲ್ಲಿನಲ್ಲಿ ಗಂಡ, ಹೆಂಡತಿ, ಐದಾರು ವರ್ಷದ ಹುಡುಗ. ಮೊದಲು ನೋಡಿದ್ದು ಹುಡುಗನೇ. ಚಟ್ನಿಯಲ್ಲಿ ಅದ್ದಿದ ದೋಸೆಯ ಚೂರು ಬಾಯಿಗೆ ಹೋಗದೆ ಕೈಯಲ್ಲೇ ನಿಂತಿತು. ಅವನ ಕಣ್ಣು ಹೋದ ಕಡೆ ತಾಯಿ ನೋಡಿದಳು. ಒಂದು ಮಾತೂ ಆಡದೆ ಮಗನನ್ನು ಗೋಡೆ ಬದಿಗೆ ಎಳೆದು ಕೂರಿಸಿಕೊಂಡಳು. ತಟ್ಟೆಯಲ್ಲಿ ಅರ್ಧ ದೋಸೆ, ಆಲೂಗಡ್ಡೆ ಪಲ್ಯ ಹಾಗೇ ಇದ್ದವು. ಗಂಡ ಬಿಲ್ಲು ಕೊಟ್ಟು ಇಬ್ಬರನ್ನೂ ಕರೆದುಕೊಂಡು ಹೊರಟುಹೋದ. ಮಾವ ಇದ್ಯಾವುದನ್ನೂ ಗಮನಿಸಲಿಲ್ಲ. ಅವರ ಮಟ್ಟಿಗೆ ಅದು ದಿನಾ ಸೊಂಟದಲ್ಲಿರುವ ವಸ್ತು. ಆ ತಾಯಿಗೆ ಈ ಮನುಷ್ಯ ಒಳ್ಳೆಯವನೋ ಕೆಟ್ಟವನೋ ತಿಳಿಯುವ ದಾರಿಯೇ ಇರಲಿಲ್ಲ. ಲೈಸೆನ್ಸ್ ಹಣೆಯ ಮೇಲೆ ಬರೆದಿರುವುದಿಲ್ಲವಲ್ಲ.

ಯಾರೋ ಫೋನ್ ಮಾಡಿರಬೇಕು, ನಾವು ಕಾಫಿ ಕುಡಿಯುವಷ್ಟರಲ್ಲಿ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಬಂದು ಲೈಸೆನ್ಸ್ ಕೇಳಿದರು. ಮಾವನಿಗೆ ಸಿಟ್ಟು ಬಂತು. "ನಾನೇನು ಕಳ್ಳನೇನ್ರೀ? ಯಾಕ್ ತೋರಿಸ್ಬೇಕು?" ಅಂದರು. ನಾನು ಕೈ ಹಿಡಿದು, "ಮಾವ, ತೋರಿಸ್ಲೇಬೇಕು. ಕೇಳೋ ಅಧಿಕಾರ ಅವ್ರಿಗೆ ಕಾಯ್ದೆಯೇ ಕೊಟ್ಟೈತೆ" ಅಂದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಸೆಕ್ಷನ್ ಅದು. ಆಯುಧ ಹಿಡಿದವರನ್ನು ಪೊಲೀಸರು ಲೈಸೆನ್ಸ್ ಕೇಳಬಹುದು, ತೋರಿಸದಿದ್ದರೆ ಆಯುಧ ವಶಪಡಿಸಿಕೊಳ್ಳಲೂಬಹುದು. ಪುಣ್ಯಕ್ಕೆ ಲೈಸೆನ್ಸ್ ಪುಸ್ತಕ ಅತ್ತೆಯ ವ್ಯಾನಿಟಿ ಬ್ಯಾಗಿನಲ್ಲಿತ್ತು. ಹೆಡ್ ಕಾನ್‌ಸ್ಟೆಬಲ್ ಫೋಟೋ ನೋಡಿದರು, ರಿವಾಲ್ವರಿನ ನಂಬರ್, ನವೀಕರಣದ ಸೀಲು ನೋಡಿದರು. ವಾಪಸ್ ಕೊಡುತ್ತಾ, "ಎಲ್ಲಾ ಸರಿ ಐತೆ ಯಜಮಾನ್ರೇ, ಆದ್ರೆ ಹಿಂಗ್ ಕಾಣೋ ಹಾಗೆ ಹಾಕ್ಕೊಂಡು ಬರಬ್ಯಾಡ್ರಿ" ಅಂದರು. ಅಂಗಿಯನ್ನು ಹೊರಗೆ ಬಿಡಿಸಿ, ಅದು ಮುಚ್ಚಿದ್ದನ್ನು ನೋಡಿಯೇ ಹೋದರು. ಕಟ್ಟುನಿಟ್ಟಿನವರಾಗಿದ್ದರೆ ಆ ದಿನ ಸೀರೆ ಅಂಗಡಿಯ ಬದಲು ಸ್ಟೇಷನ್ನಿನ ಬೆಂಚಿನಲ್ಲಿ ಕೂರುತ್ತಿದ್ದೆವು.

ಮಾವನಿಗೆ ಸಮಾಧಾನವಾಗಲಿಲ್ಲ. ಅತ್ತೆಯನ್ನು ಅಂಗಡಿಯಲ್ಲಿ ಬಿಟ್ಟು ನನ್ನ ಆಫೀಸಿಗೇ ಬಂದರು. "ಡಿ.ಸಿ.ಯವ್ರೇ ಸೈನ್ ಹಾಕಿ ಕೊಟ್ಟಾರೆ. ಕಾಣಬಾರ್ದು ಅಂತ ಎಲ್ಲೈತೆ, ತೋರ್ಸವ್ವ" ಅಂದರು. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮ ತೆಗೆದು ಓದಿದೆ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒಯ್ಯುವುದಾದರೆ ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲಿ ಅಥವಾ ಅಂಥದೇ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲೇ ಇರಬೇಕು. ಝಳಪಿಸುವಂತಿಲ್ಲ. ತಪ್ಪಿದರೆ ಲೈಸೆನ್ಸ್ ರದ್ದಾಗಬಹುದು. ಲೈಸೆನ್ಸಿನ ಷರತ್ತು ಮುರಿದದ್ದಕ್ಕೆ ಕಾಯ್ದೆಯ 30ನೇ ಸೆಕ್ಷನ್ ಬೇರೆ ಇದೆ: ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಆಮೇಲೆ ಅವರದೇ ಪುಸ್ತಕದ ಷರತ್ತುಗಳ ಹಾಳೆ ತೆರೆದೆ. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಓದಿದಂತಿರಲಿಲ್ಲ, ಮಡಿಕೆ ಕೂಡ ಬಿದ್ದಿರಲಿಲ್ಲ. ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವ ಜಾಗಕ್ಕೆ, ಶಾಲೆ-ಕಾಲೇಜಿನ ಆವರಣಕ್ಕೆ ಆಯುಧ ಒಯ್ಯಬಾರದು ಎಂದಿತ್ತು. "ಹಂಗಾದ್ರೆ ದುಗ್ಗಮ್ಮನ ಜಾತ್ರೆಗೂ ಇಲ್ಲ, ನಾಯಕನಹಟ್ಟಿ ತೇರಿಗೂ ಇಲ್ಲ?" ಅಂದರು. ಮುಚ್ಚಿಕೊಂಡರೂ ಇಲ್ಲ ಅಂದೆ.

ಅವರ ಪ್ರಶ್ನೆಗಳು ಮುಗಿಯಲಿಲ್ಲ, ನನಗೂ ಅದೇ ಬೇಕಿತ್ತು. ಕೊಡಗಿನವರು ಕೋವಿ ಹಿಡಿದು ಹಬ್ಬ ಮಾಡ್ತಾರಲ್ಲ ಅಂದರು. ಅದು ಕೇಂದ್ರ ಸರ್ಕಾರ 41ನೇ ಸೆಕ್ಷನ್ನಿನಡಿ ಕೊಟ್ಟ ಲೈಸೆನ್ಸ್ ವಿನಾಯಿತಿ, 2029ರವರೆಗೆ ವಿಸ್ತರಿಸಿದ್ದಾರೆ, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿದಿದೆ, ನಮಗೆ ಅನ್ವಯಿಸುವುದಿಲ್ಲ. ಟೆಕ್ಸಾಸಿನಲ್ಲಿರುವ ಅವರ ಮಗ, ಅಲ್ಲಿ ಜನ ಸೊಂಟಕ್ಕೆ ಕಟ್ಟಿಕೊಂಡೇ ಅಂಗಡಿಗೆ ಬರ್ತಾರೆ ಅಂದಿದ್ದನಂತೆ. ಸುಳ್ಳಲ್ಲ. 2016ರಿಂದ ಅಲ್ಲಿ ಲೈಸೆನ್ಸ್ ಇದ್ದವರು ಹೋಲ್‌ಸ್ಟರಿನಲ್ಲಿ ಕಾಣುವಂತೆ ಒಯ್ಯಬಹುದಿತ್ತು, 2021ರ ಸೆಪ್ಟೆಂಬರಿನಿಂದ 21 ತುಂಬಿದ ಬಹುತೇಕರಿಗೆ ಲೈಸೆನ್ಸೂ ಬೇಕಿಲ್ಲ. ಅಲ್ಲಿಯ ಸಂವಿಧಾನಕ್ಕೆ 1791ರಲ್ಲೇ ಆಯುಧದ ಹಕ್ಕು ಸೇರಿದೆ. ನಮ್ಮ ಸಂವಿಧಾನದ 19ನೇ ವಿಧಿ ಸಭೆ ಸೇರುವ ಹಕ್ಕು ಕೊಡುವಾಗಲೇ ಶಾಂತಿಯಿಂದ, ಆಯುಧಗಳಿಲ್ಲದೆ ಎಂದು ಬರೆದಿದೆ. ಈ ಎರಡು ಪದ ನನಗೆ ತುಂಬಾ ದೊಡ್ಡವು. ಜನರ ನಡುವೆ ಇರುವಾಗ ಯಾರೂ ಯಾರ ಸೊಂಟವನ್ನೂ ನೋಡಿ ಹೆದರಬಾರದು ಅನ್ನುವ ಆಸೆ ಅದರಲ್ಲಿದೆ ಎಂದು ನಂಬಿದ್ದೇನೆ. ಹುಡುಗ ಗೋಡೆ ಬದಿಗೆ ಸರಿದದ್ದನ್ನು ಆಗ ಹೇಳಿದೆ. ಮಾವ ತುಂಬ ಹೊತ್ತು ಸುಮ್ಮನಿದ್ದರು. "ಕಂಡ್ರೆ ಕಳ್ಳರು ಹತ್ರ ಬರಲ್ಲ ಅನ್ಕೊಂಡಿದ್ದೆ" ಅಂದರು. ಕಂಡರೆ ಕಳ್ಳನಿಗೆ ಮೊದಲು ಯಾವುದನ್ನು ಕಿತ್ತುಕೊಳ್ಳಬೇಕು ಅಂತಲೂ ಗೊತ್ತಾಗ್ತದೆ ಅಂದೆ.

ಉಳಿದದ್ದು ಮದುವೆ ಮನೆಯ ಮಾತು. ಹುಡುಗರು ಆಗಲೇ "ಮಾವ, ಮೆರವಣಿಗೇಲಿ ಎರಡು ಗುಂಡು ಹಾರಿಸ್ರಿ" ಎಂದು ಬೆನ್ನು ಬಿದ್ದಿದ್ದರು. 2019ರ ತಿದ್ದುಪಡಿಯಲ್ಲಿ ಸೇರಿಸಿದ 25(9)ನ್ನು ಓದಿ ಹೇಳಿದೆ: ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಲ್ಯಾಣ ಮಂಟಪಕ್ಕೆ ತರುವುದೇ ಬೇಡ ಅಂದೆ. ಮನೆ ತುಂಬ ನೆಂಟರಿರುವಾಗ ಬೀರುವಿನಲ್ಲಿ ಬಿಡುವುದು ಹೇಗೆ ಎಂದು ಅತ್ತೆ ಕೇಳಿದರು, ಅದು ನ್ಯಾಯವಾದ ಪ್ರಶ್ನೆ. ಚುನಾವಣೆ ಬಂದಾಗ ಸ್ಟೇಷನ್ನಿನಲ್ಲಿ ಜಮಾ ಮಾಡಿ ರಸೀದಿ ತರುತ್ತಾರಲ್ಲ, ಈಗಲೂ ಹಾಗೇ ಕೇಳಿ ನೋಡೋಣ ಅಂದುಕೊಂಡೆವು. ಮದುವೆಯ ಹಿಂದಿನ ವಾರ ಮಾವ ರಿವಾಲ್ವರ್, ಗುಂಡು ಎರಡನ್ನೂ ಲೆಕ್ಕ ಬರೆಸಿ ಜಮಾ ಕೊಟ್ಟು, ರಸೀದಿಯ ಫೋಟೋ ನನಗೆ ಕಳಿಸಿದರು. ನಂಬರ್ ಸರಿಯಾಗಿ ಬರೆದಿದ್ದಾರಾ ನೋಡು ಎಂದಿದ್ದರು. ನೋಡಿದೆ, ಸರಿಯಾಗಿತ್ತು.