ಜನವರಿಯಲ್ಲಿ ಬೇಗ ಮುಗಿಯುತ್ತಿದ್ದ ಹಾಜರಿ

ಜನವರಿ ಬಂದರೆ ನಮ್ಮ ಏಳನೇ ಕ್ಲಾಸಿನಲ್ಲಿ ಹಾಜರಿ ಬೇಗ ಮುಗಿಯುತ್ತಿತ್ತು. ಕಾಫಿ ತೋಟದ ಕೂಲಿಯವರು ಇರುವ ಲೈನ್ ಮನೆಗಳಿಂದ ಬರುತ್ತಿದ್ದ ಮಕ್ಕಳ ಹೆಸರು ಕರೆದರೆ ಉತ್ತರ ಇರುತ್ತಿರಲಿಲ್ಲ. ನನ್ನ ಹಿಂದಿನ ಬೆಂಚಿನ ಯರವ ಬುಡಕಟ್ಟಿನ ಹುಡುಗಿಯೂ ಕಾಫಿ ಕೊಯ್ಲಿನ ಹೊತ್ತಿಗೆ ಕಾಣೆಯಾಗುತ್ತಿದ್ದಳು. ಆ ವರ್ಷ ಹೋದವಳು ಮತ್ತೆ ಬರಲೇ ಇಲ್ಲ. ಅವರಿಗೆ ಓದು ಬೇಡ ಅಂತ ದೊಡ್ಡವರು ಹೇಳುತ್ತಿದ್ದರು. ನಾನೂ ನಂಬಿದ್ದೆ. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಮಾತ್ರ, "ಅವಳ ಅಕ್ಷರ ನಿನಗಿಂತ ದುಂಡಗಿತ್ತು ಕಣೇ, ಓದು ಯಾಕೆ ಬೇಡ ಅಂತಾಳೆ?" ಎಂದು ಕೇಳಿದ್ದಳು.

ಆ ಗೆಳತಿ ಮೈಸೂರಿನಲ್ಲಿ ಓದಿ ವಾಪಸ್ ಕೊಡಗಿಗೇ ಬಂದಳು. ಸಿದ್ದಾಪುರ, ಪಾಲಿಬೆಟ್ಟ ಕಡೆಯ ಬುಡಕಟ್ಟು ಜನರ ಹಾಡಿಗಳಲ್ಲಿ, ಲೈನ್ ಮನೆಗಳಲ್ಲಿ ಕೆಲಸ ಮಾಡುತ್ತಾಳೆ. ನಾನು ಬೆಂಗಳೂರು ಸೇರಿದೆ. ವರ್ಷಕ್ಕೊಮ್ಮೆ ಕಂಬಳಿಗೆ, ನೋಟ್‌ಬುಕ್ಕಿಗೆ ಅಂತ ದುಡ್ಡು ಕಳಿಸುತ್ತಿದ್ದೆ. ಹೋದ ವರ್ಷ ಅವಳು, "ದುಡ್ಡು ಇರಲಿ, ಒಂದು ಸಲ ಜುಲೈನಲ್ಲಿ ಬಾ" ಅಂದಳು.

ಜುಲೈನಲ್ಲೇ ಯಾಕೆ ಅಂತ ಹೋದ ಮೇಲೆ ಗೊತ್ತಾಯಿತು. ಮಳೆ ಹಿಡಿದರೆ ತೋಟದಲ್ಲಿ ಕೆಲಸ ಇಲ್ಲ, ಕೂಲಿಯೂ ಇಲ್ಲ. ಅಕ್ಕಿಗೆ, ಜ್ವರದ ಔಷಧಿಗೆ ತೋಟದಿಂದ ಮುಂಗಡ ತೆಗೆದುಕೊಳ್ಳಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಣ್ಣು ಕೊಯ್ದು ಅದನ್ನು ತೀರಿಸಬೇಕು. ಕೊಯ್ಲಿನ ಕೂಲಿ ತೂಕದ ಮೇಲೆ. ಹತ್ತು ಬೆರಳಿಗಿಂತ ಇಪ್ಪತ್ತು ಬೆರಳು ಜಾಸ್ತಿ ಕೊಯ್ಯುತ್ತವೆ. ಹಾಗಾಗಿ ಮಕ್ಕಳೂ ಗಿಡದ ಬುಡಕ್ಕೆ ಹೋಗುತ್ತಾರೆ. ನಮ್ಮ ಕ್ಲಾಸಿನ ಜನವರಿ ಶುರುವಾಗುತ್ತಿದ್ದದ್ದು ಜುಲೈನಲ್ಲಿ!

ಒಂದು ಲೈನ್ ಮನೆಯ ಜಗಲಿಯಲ್ಲಿ ಕೂತೆವು. ಹೆಂಚಿನಿಂದ ನೀರು ಸುರಿಯುತ್ತಿತ್ತು. ಒಬ್ಬ ಅಜ್ಜಿ ಮಾಡಿನ ಸಂದಿಯಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಹೊಗೆ ಹಿಡಿದು ಕಂದಾಗಿತ್ತು. ಒಳಗೆ ರೇಷನ್ ಕಾರ್ಡು, ಅಂಚು ಕರಗಿದ ಜಾತಿ ಪ್ರಮಾಣಪತ್ರ. ಗೆಳತಿ ಗೆರೆ ಹಾಕಿದ ಒಂದು ಹಾಳೆ ಬಿಚ್ಚಿದಳು. ಎಡಕ್ಕೆ ತೆಗೆದುಕೊಂಡ ದುಡ್ಡು, ಬಲಕ್ಕೆ ದುಡಿದ ದಿನ. ಮಗಳ ಮದುವೆಗೆ ಎಷ್ಟು, ಗಂಡನ ಆಸ್ಪತ್ರೆಗೆ ಎಷ್ಟು, ಹೋದ ಕೊಯ್ಲಿನಲ್ಲಿ ಎಷ್ಟು ಮುರಿದುಕೊಂಡರು. ಒಂದೊಂದನ್ನೂ ಕೇಳಿ ಬರೆದಳು. ಕೊನೆಗೆ ಗಟ್ಟಿಯಾಗಿ ಓದಿದಳು.

"ಇಷ್ಟೇನಾ?" ಅಂದರು ಅಜ್ಜಿ.

ಅಷ್ಟು ವರ್ಷ ಅವರಿಗೆ ಸಾಲ ಅಂದರೆ ತೋಟದ ಲೆಕ್ಕ ಬರೆಯುವ ರೈಟರ್ ಬಾಯಲ್ಲಿ ಹೇಳುವ ಮಾತು. ತೀರುತ್ತದೆ ಅಂತ ಅವರಿಗೆ ಅನಿಸಿದ್ದೇ ಇಲ್ಲ. ಲೆಕ್ಕ ಸರಿಯಾಗಿ ಇಡುವ ಮಾಲೀಕರೂ ಎಷ್ಟೋ ಜನ ಇದ್ದಾರೆ. ಅವರು ಈ ಹಾಳೆ ನೋಡಿ ಬೇಜಾರು ಮಾಡಿಕೊಳ್ಳುವುದಿಲ್ಲ ಅನ್ನುತ್ತಾಳೆ ಗೆಳತಿ. ಸಾಲ ತೋರಿಸಿ ಯಾರನ್ನೂ ದುಡಿಮೆಗೆ ಕಟ್ಟಿಹಾಕುವಂತಿಲ್ಲ ಅಂತ 1976ರಲ್ಲೇ ಜೀತ ರದ್ದತಿ ಕಾಯ್ದೆ ಬಂದಿದೆ. ಆದರೆ ಲೆಕ್ಕವೇ ಗೊತ್ತಿಲ್ಲದವರಿಗೆ ಕಾಯ್ದೆ ಏನು ಮಾಡೀತು?

ಮನೆಯೂ ತೋಟದ್ದೇ. ಕೆಲಸ ಬಿಟ್ಟರೆ ಸೂರೂ ಹೋಯಿತು. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಬುಡಕಟ್ಟು ಜನರ ಗುಡಿಸಲುಗಳನ್ನು ಕೆಡವಿದ ಸುದ್ದಿ ನಾನೂ ಟೀವಿಯಲ್ಲಿ ನೋಡಿದ್ದೆ. ಕಾಡಿನ ಅಂಚಿನಲ್ಲಿ ಯಾಕೆ ಗುಡಿಸಲು ಹಾಕಿದರೋ ಅಂದುಕೊಂಡಿದ್ದೆ. ಅವರಲ್ಲಿ ಎಷ್ಟೋ ಜನ ಲೈನ್ ಮನೆ ಬಿಟ್ಟು ಬಂದವರು. ತಮ್ಮದು ಅನ್ನುವ ಒಂದು ಬಾಗಿಲಿಗಾಗಿ ಬಂದವರು. ಆಮೇಲೆ ಅವರಿಗೆ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. ಅವರು ಯಾಕೆ ಗುಡಿಸಲು ಹಾಕಿದ್ದರು ಅಂತ ಆ ಜಗಲಿಯಲ್ಲಿ ಕೂತಾಗ ನನಗೆ ಅರ್ಥವಾಯಿತು. ನಾನು ಕಳಿಸಿದ ಕಂಬಳಿ ಚಳಿಗೆ ಆಗುತ್ತದೆ, ನಿಜ. ಈ ಸುತ್ತು ಬಿಡಿಸುವುದಕ್ಕೆ ಜುಲೈನಲ್ಲಿ ಜೊತೆಗೆ ಕೂರುವವರು ಬೇಕು. ಈಗ ನಾನು ಕಳಿಸುವ ದುಡ್ಡು ಹೆಂಗಸರ ಸಂಘದ ಮಳೆಗಾಲದ ಅಕ್ಕಿ ನಿಧಿಗೆ ಹೋಗುತ್ತದೆ. ರಜೆ ಹಾಕುವುದೂ ಜುಲೈನಲ್ಲೇ.

ಅವತ್ತು ಸಂಘದ ಪುಸ್ತಕ ಬರೆಯಲು ಒಬ್ಬಳು ಛತ್ರಿ ಮಡಚಿ ಒಳಗೆ ಬಂದಳು. ಎಲ್ಲರ ಉಳಿತಾಯ ಒಂದೊಂದಾಗಿ ಬರೆದುಕೊಂಡಳು. ದುಂಡನೆಯ ಅಕ್ಷರ. ನಾನು ಪುಸ್ತಕವನ್ನೇ ನೋಡುತ್ತಿದ್ದೆ. ಅವಳು ತಲೆ ಎತ್ತಿ ನನ್ನ ಮುಖ ನೋಡಿ, "ನೀನು ನನ್ನ ಮುಂದಿನ ಬೆಂಚಲ್ಲಿ ಕೂರ್ತಿದ್ದೆ ಅಲ್ವಾ?" ಅಂದಳು.