ಯಾರು ಯಾರನ್ನ ತಳ್ಳುತ್ತಿದ್ದಾರೆ?

ನಮ್ಮ ವಿಜ್ಞಾನದ ಮೇಷ್ಟ್ರಿಗೆ ಒಂದು ವಾಕ್ಯ ಕಂಡರೆ ಆಗುತ್ತಿರಲಿಲ್ಲ. 'ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ.' ನ್ಯೂಟನ್ 1687ರಲ್ಲಿ ಹೇಳಿದ್ದರ ಮೇಲೆ ಅವರಿಗೇನೂ ತಕರಾರಿಲ್ಲ. ನಾವು ಅದನ್ನು ಗಿಳಿಪಾಠ ಒಪ್ಪಿಸುವುದರ ಮೇಲೆ ಸಿಟ್ಟು. 'ಯಾವುದು ಯಾವುದನ್ನ ತಳ್ಳಿತು? ಎರಡು ಹೆಸರು ಹೇಳು' ಅನ್ನುತ್ತಿದ್ದರು. ಹೆಸರು ಅದಲುಬದಲು ಮಾಡಿದರೆ ಪ್ರತಿಕ್ರಿಯೆ ತಾನಾಗೇ ಸಿಗಬೇಕು. ಟೈರು ರಸ್ತೆಯನ್ನು ಹಿಂದಕ್ಕೆ ತಳ್ಳುತ್ತದೆ, ರಸ್ತೆ ಟೈರನ್ನು ಮುಂದಕ್ಕೆ ತಳ್ಳುತ್ತದೆ. ಅಷ್ಟೇ.

ಒಂದು ದಿನ ಎರಡು ಸ್ಪ್ರಿಂಗ್ ತ್ರಾಸು ತಂದು ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿದರು. ಒಂದರ ತುದಿ ಕಿಟಕಿಯ ಸರಳಿಗೆ ಕಟ್ಟಿತ್ತು. ಇನ್ನೊಂದನ್ನು ಒಬ್ಬ ಹುಡುಗ 20 ನ್ಯೂಟನ್ (ಬಲ ಅಳೆಯುವ ಮಾನಕ್ಕೂ ಅದೇ ಹೆಸರು) ತೋರಿಸುವ ತನಕ ಎಳೆದ. ಸರಳಿನ ಕಡೆಯದರಲ್ಲೂ ಮುಳ್ಳು 20ರ ಮೇಲೇ ನಿಂತಿತ್ತು. ಆಮೇಲೆ ಸರಳಿನ ಜಾಗದಲ್ಲಿ ಇನ್ನೊಬ್ಬ ಹುಡುಗ ನಿಂತ. 'ಈಗ ಇಬ್ಬರೂ 20 ನ್ಯೂಟನ್ ಎಳೀತಾರೆ, ಎಷ್ಟು ತೋರಿಸುತ್ತೆ?' ಅರ್ಧ ತರಗತಿ 40 ಎಂದು ಕೂಗಿತು. ಎರಡೂ ಮುಳ್ಳು 20 ಬಿಟ್ಟು ಅಲ್ಲಾಡಲಿಲ್ಲ. ಕಿಟಕಿಯ ಸರಳು ಸುಮ್ನೆ ನಿಂತಂತೆ ಕಂಡರೂ ಅಷ್ಟೇ ಬಲದಿಂದ ಎಳೆಯುತ್ತಿತ್ತು ಎಂದು ಅವತ್ತು ನಾವು ನಂಬಲೇಬೇಕಾಯಿತು.

ಜಾಸ್ತಿ ಜಗಳ ಆಗಿದ್ದು ಮೇಜಿನ ಮೇಲಿನ ಪುಸ್ತಕದ ವಿಷಯಕ್ಕೆ. ಭೂಮಿ ಪುಸ್ತಕವನ್ನು ಕೆಳಗೆ ಎಳೆಯುತ್ತದೆ, ಮೇಜು ಮೇಲಕ್ಕೆ ತಳ್ಳುತ್ತದೆ, ಎರಡೂ ಸಮ. ಇದೇ ಕ್ರಿಯೆ-ಪ್ರತಿಕ್ರಿಯೆ ಅಲ್ವಾ ಎಂದು ನಾವು. ಅಲ್ಲ ಎಂದು ಅವರು. ಎರಡೂ ಬಲ ಬೀಳುವುದು ಒಂದೇ ಪುಸ್ತಕದ ಮೇಲೆ. ಆ ಮೇಜನ್ನು ಲಿಫ್ಟ್‌ನಲ್ಲಿಟ್ಟು ನೋಡಿ, ಲಿಫ್ಟ್ ಮೇಲಕ್ಕೆ ವೇಗ ಹಿಡಿಯುವಾಗ ಮೇಜಿನ ತಳ್ಳು ಹೆಚ್ಚುತ್ತದೆ, ಭೂಮಿಯ ಎಳೆತ ಇದ್ದಷ್ಟೇ ಇರುತ್ತದೆ. ನಿಜವಾದ ಜೋಡಿ ಹಾಗೆ ಎಂದೂ ಕೈಕೊಡುವುದಿಲ್ಲ. ಭೂಮಿಯ ಎಳೆತಕ್ಕೆ ಜೋಡಿ ಎಂದರೆ ಪುಸ್ತಕ ಭೂಮಿಯನ್ನು ಮೇಲಕ್ಕೆ ಎಳೆಯುವುದು.

'ಹಾಗಾದರೆ ಭೂಮಿ ಯಾಕೆ ಮೇಲೆ ಬರಲ್ಲ ಸಾರ್?' ಹಿಂದಿನ ಬೆಂಚಿನ ಪ್ರಶ್ನೆ. ಮೇಷ್ಟ್ರು ಕೈಲಿದ್ದ ಸೀಮೆಸುಣ್ಣ ಬೀಳಿಸಿದರು. 10 ಗ್ರಾಂ ಅಂದುಕೊಳ್ಳಿ, ಎಳೆತ ಸುಮಾರು 0.1 ನ್ಯೂಟನ್. ಭೂಮಿಯ ಮೇಲೂ ಅಷ್ಟೇ ಬಲ. ಆದರೆ ಅದನ್ನು ಭೂಮಿಯ ದ್ರವ್ಯರಾಶಿಯಿಂದ ಭಾಗಿಸಬೇಕಲ್ಲ. ಭೂಮಿಯ ವೇಗೋತ್ಕರ್ಷ, ಅಂದರೆ ವೇಗ ಹೆಚ್ಚುವ ದರ, ಬರೆಯಲು ಬಿಂದು ಇಟ್ಟು ಸೊನ್ನೆ ಸುತ್ತತೊಡಗಿದರು. 25 ಸೊನ್ನೆ ಆದ ಮೇಲೆ ಮೊದಲ ಅಂಕಿ ಬಂತು. ಬೋರ್ಡಿನ ಈ ತುದಿಯಿಂದ ಆ ತುದಿಗೆ ನಡೆದು ಬರೆದಿದ್ದರು. ಬಲ ಸಮ, ಫಲ ಸಮ ಅಲ್ಲ ಅನ್ನೋದಕ್ಕೆ ಅದಕ್ಕಿಂತ ಚೆನ್ನಾದ ಪಾಠ ನಾನು ಕೇಳಿಲ್ಲ.

ರಾಕೆಟ್ಟಿನ ಕತೆ ಹೇಳುವಾಗ ಅವರಿಗೆ ಒಂಥರಾ ಖುಷಿ. ಅಮೆರಿಕದ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್, ರಾಕೆಟ್ಟು ಚಂದ್ರನ ತನಕ ಹೋಗಬಹುದು ಎಂದಾಗ 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಗೇಲಿ ಮಾಡಿತ್ತು. ಒತ್ತಿ ತಳ್ಳಲು ಗಾಳಿಯೇ ಇಲ್ಲದ ನಿರ್ವಾತದಲ್ಲಿ ಏನಿದೆ ಅನ್ನೋದು ಪತ್ರಿಕೆಯ ವಾದ. ಮೇಷ್ಟ್ರು ಬೋರ್ಡಿನ ಮೇಲೆ ಎರಡೇ ಸಾಲು ಬರೆದರು. ರಾಕೆಟ್ಟು ಅನಿಲವನ್ನು ಹಿಂದಕ್ಕೆ ತಳ್ಳುತ್ತದೆ. ಅನಿಲ ರಾಕೆಟ್ಟನ್ನು ಮುಂದಕ್ಕೆ ತಳ್ಳುತ್ತದೆ. 'ಇದರಲ್ಲಿ ಹೊರಗಿನ ಗಾಳಿಯ ಹೆಸರು ಎಲ್ಲಿದೆ, ತೋರಿಸಿ!' ಪತ್ರಿಕೆ ತಿದ್ದುಪಡಿ ಹಾಕಿದ್ದು 1969ರ ಜುಲೈ 17ಕ್ಕೆ. ಅಪೊಲೊ 11 ಆಗಲೇ ಚಂದ್ರನ ದಾರಿಯಲ್ಲಿತ್ತು.