ಕರೆಂಟು ಹೋದ ಸಂಜೆ ಪಕ್ಕದ ಮನೆ ಅಜ್ಜಿ ಹೇಳಿದ್ದು

2025ರ ಏಪ್ರಿಲ್ 28ರ ಸೋಮವಾರ, ಹೆಚ್ಚುಕಡಿಮೆ ಇಡೀ ಪೋರ್ಚುಗಲ್ಲು, ಸ್ಪೇನು ಎರಡಕ್ಕೂ ಒಟ್ಟಿಗೆ ಕರೆಂಟು ಹೋಯಿತಲ್ಲ, ಸುದ್ದಿ ನೀವೂ ನೋಡಿರುತ್ತೀರಿ. ಇಲ್ಲಿ ಲಿಸ್ಬನ್‌ನಲ್ಲಿ ಮೆಟ್ರೋ ನಿಂತಿತು. ಸಿಗ್ನಲ್ ದೀಪ ಆರಿದವು. ಸಂಜೆಯಷ್ಟರಲ್ಲಿ ಮೊಬೈಲೂ ಸತ್ತಿತ್ತು. ಜನ ನೀರಿನ ಕ್ಯಾನುಗಳನ್ನು ಎರಡೆರಡು ಕೈಯಲ್ಲಿ ಹೊತ್ತೊಯ್ಯುತ್ತಿದ್ದರು. ಹಿಂದೆ ನಿಂತವರಿಗೆ ಉಳಿಯುತ್ತದೋ ಇಲ್ಲವೋ ಅಂತ ಒಬ್ಬರೂ ತಿರುಗಿ ನೋಡಲಿಲ್ಲ. ನನಗೆ ಅದು ಸರಿ ಕಾಣಲಿಲ್ಲ.

ಪಕ್ಕದ ಮನೆ ಅಜ್ಜಿ ಮಾತ್ರ ಬ್ಯಾಟರಿ ರೇಡಿಯೋ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. 'ಅ ಲೂಶ್ ಫೊಯ್ ಅಬಾಯ್ಶು' ಅಂದರು. ಕರೆಂಟು ಹೋಯ್ತು ಅನ್ನೋದಕ್ಕೆ ಇಲ್ಲಿನವರ ಮಾತು. ನಾನೂ 'ದ ರಪೆಂತ್' ಅಂದೆ, ಇದ್ದಕ್ಕಿದ್ದಂತೆ. ಅಜ್ಜಿ ರೇಡಿಯೋ ಸಣ್ಣಗೆ ಮಾಡಿದರು.

"ಇದೇನು ಮಗಳೇ! ನಮ್ಮ ಮನೆ ಹೋಗಿದ್ದು ದ್ಯುಂ ದೀಯ ಪರ ಉ ಓತ್ರು."

ನಾವು ರಾತ್ರೋರಾತ್ರಿ ಅನ್ನುವ ಕಡೆ ಇವರು ಹೀಗನ್ನುತ್ತಾರೆ. ಪೋರ್ಚುಗೀಸ್ ಕ್ಲಾಸಿನಲ್ಲಿ ಇದನ್ನು ಕಲಿತಿದ್ದೆ, ಬೆಲೆ ಏರಿತು, ಹವೆ ಬದಲಾಯಿತು ಅನ್ನುವಂಥ ವಾಕ್ಯಗಳಲ್ಲಿ. ಮನೆ ಕಳಕೊಂಡವರ ಬಾಯಲ್ಲಿ ಕೇಳಿದ್ದು ಈಗಲೇ.

ಅವರ ಮನೆ ಇದ್ದಿದ್ದು ಆಫ್ರಿಕಾದ ಅಂಗೋಲಾದ ರಾಜಧಾನಿ ಲುವಾಂಡದಲ್ಲಿ. ಅಂಗೋಲಾ ಆಗ ಪೋರ್ಚುಗಲ್ಲಿನ ವಸಾಹತು. 1974ರ ಏಪ್ರಿಲ್ 25ಕ್ಕೆ ಲಿಸ್ಬನ್‌ನಲ್ಲಿ ಸೈನಿಕರು 48 ವರ್ಷಗಳ ಸರ್ವಾಧಿಕಾರವನ್ನು ಒಂದೇ ದಿನದಲ್ಲಿ ಕೆಡವಿದರು. ಮರುವರ್ಷ ನವೆಂಬರ್ 11ಕ್ಕೆ ಅಂಗೋಲಾ ಸ್ವತಂತ್ರವಾಯಿತು. ಅದಕ್ಕೆ ಮೊದಲೇ ಅಲ್ಲಿ ಬಡಿದಾಟ ಶುರುವಾಗಿ, ಪೋರ್ಚುಗೀಸರು ವಿಮಾನ ಹತ್ತಿ ಓಡಿಬಂದರು. ಆಫ್ರಿಕಾದಿಂದ ಹೀಗೆ ಬಂದವರು ಸುಮಾರು ಐದು ಲಕ್ಷ. ಇಲ್ಲಿ ಅವರನ್ನು 'ರೆತುರ್ನಾದುಶ್' ಅಂದರು, ವಾಪಸು ಬಂದವರು. ಅಜ್ಜಿ ಹುಟ್ಟಿದ್ದೇ ಲುವಾಂಡದಲ್ಲಿ. ವಾಪಸು ಬರೋದು ಎಲ್ಲಿಗೆ? ಲಿಸ್ಬನ್‌ನ ಬೆಲೇಂ ನದಿದಂಡೆಯಲ್ಲಿ, ಹೀಗೆ ಬಂದವರ ಸಾಮಾನು ತುಂಬಿದ ಮರದ ಪೆಟ್ಟಿಗೆಗಳು ಗುಡ್ಡದಂತೆ ಬಿದ್ದಿದ್ದವಂತೆ. ತಮ್ಮ ಪೆಟ್ಟಿಗೆ ಹುಡುಕಿ ಅವರಪ್ಪ ದಿನಾ ಹೋಗುತ್ತಿದ್ದರಂತೆ.

ಅಜ್ಜಿಯ ಆ 'ರಾತ್ರೋರಾತ್ರಿ' ಮಾತು ಆ ವಾರವಿಡೀ ತಲೆಯಲ್ಲಿ ಸುತ್ತುತ್ತಿತ್ತು. ಅವರ ಪಾಲಿಗೆ ಅದು ಪೂರ್ತಿ ನಿಜ. ಆದರೆ ಅಂಗೋಲಾದವರು ಬಂದೂಕು ಹಿಡಿದದ್ದು 1961ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಕಾರವಾರದ ಪಕ್ಕದ ಗೋವಾದಿಂದಲೂ ಪೋರ್ಚುಗೀಸರು ಜಾಗ ಖಾಲಿ ಮಾಡಿದರು. ಹದಿಮೂರು ವರ್ಷ ಯುದ್ಧ ನಡೆದ ನಾಡಿನಲ್ಲಿ ರಾತ್ರೋರಾತ್ರಿ ಅನ್ನೋದು ಯಾರಿಗೆ? ಕಾದು ಕೂತವರಿಗೆ ಅದು ಎಷ್ಟು ತಡವಾಗಿ ಬಂತೋ! ಅಜ್ಜಿಗೂ ಇದು ಗೊತ್ತಿದೆ. "ಅದು ನಮ್ಮ ನೆಲ ಆಗಿರಲಿಲ್ಲ, ಮನೆ ಮಾತ್ರ ನಮ್ಮದಿತ್ತು" ಅಂತ ಅವರೇ ಅಂದರು. ಇಷ್ಟು ನೇರವಾಗಿ ಹೇಳುವವರು ಕಡಿಮೆ. ಅವರ ಮೇಲೆ ಗೌರವ ಜಾಸ್ತಿಯಾಯಿತು.

ರಾತ್ರಿ ಕರೆಂಟು ಬಂದಾಗ ಬೀದಿಯೆಲ್ಲ ಚಪ್ಪಾಳೆ ಹೊಡೆಯಿತು. ನನಗೀಗ ಇನ್ನೊಂದು ಕಡೆಯ ಮಾತೂ ಕೇಳಬೇಕು ಅನಿಸುತ್ತಿದೆ. ನಮ್ಮ ಬೀದಿ ಕೊನೆಯ ತರಕಾರಿ ಅಂಗಡಿಯವರು ಲುವಾಂಡದವರೇ. 1975ರ ನವೆಂಬರನ್ನು ಅವರ ಮನೆಯಲ್ಲಿ ಏನಂತ ನೆನೆಯುತ್ತಾರೆ ಅಂತ ಶನಿವಾರ ಹೋದಾಗ ಕೇಳುತ್ತೇನೆ.